ಓಹಾಯೋ ಹೊಳೆಗಳ ಫ್ಲಾಟ್‌ಹೆಡ್: ಎರಡು ಬೇಸಿಗೆಯಿಂದ ಬರಿಗೈ, ಎಲ್ಲಿ ತಪ್ತಿದೀನಿ?

ಸಂಗಮದ ಗಾಳ (ಕೊಲಂಬಸ್, ಓಹಾಯೋ), ಮೇ 18

ಎಲ್ರಿಗೂ ನಮಸ್ಕಾರ. ನಾನು ತಿ. ನರಸೀಪುರದವನು. ಕಾವೇರಿ, ಕಪಿಲೆ ಕೂಡೋ ಜಾಗದಲ್ಲಿ ಬೆಂಡು ಕಟ್ಟಿ, ಎರೆಹುಳ ಚುಚ್ಚಿ ಗಿರ್ಲು ಮೀನು ಹಿಡಿದು ಬೆಳೆದವನು. ಗಾಳ ಹಾಕೋದು ಗೊತ್ತು ಅನ್ನೋ ಜಂಬ ಇತ್ತು. ಇಲ್ಲಿಗೆ ಬಂದು ಐದು ವರ್ಷ ಆಯ್ತು, ಒಂದೇ ಒಂದು ಫ್ಲಾಟ್‌ಹೆಡ್ ಕ್ಯಾಟ್‌ಫಿಶ್ (ಚಪ್ಪಟೆ ತಲೆಯ ದೊಡ್ಡ ಮೀಸೆ ಮೀನು) ದಡ ಹತ್ತಿಸಿಲ್ಲ.

ಹೋದ ಎರಡು ಬೇಸಿಗೆ ಮೊದಲು ಸಯೋಟೊ, ಆಮೇಲೆ ಜೇನ್ಸ್‌ವಿಲ್ ಹತ್ರ ಮಸ್ಕಿಂಗಮ್ ಹೊಳೆ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಕೂತ್ರೆ ರಾತ್ರಿ ಒಂಬತ್ತರವರೆಗೆ. ಎರೆಗೆ ಕೋಳಿ ಲಿವರ್, ಸಾಸೇಜ್ ತುಂಡು, ಅಂಗಡೀಲಿ ಡಬ್ಬದಲ್ಲಿ ಸಿಗೋ ನಾರೋ ಹಿಟ್ಟು. ಬರೋದು ಬರೀ ಚಾನೆಲ್ ಕ್ಯಾಟ್ ಅನ್ನೋ ಇನ್ನೊಂದು ಜಾತಿ ಮೀಸೆ ಮೀನು, ಎರಡು ಪೌಂಡು, ಮೂರು ಪೌಂಡು. ಪಕ್ಕದ ಮನೆ ಅಜ್ಜ ಇದೇ ಹೊಳೇಲಿ ಹಿಡಿದದ್ದು ಅಂತ 40 ಪೌಂಡಿನದರ ಫೋಟೊ ತೋರಿಸ್ತಾರೆ. ಜಾಗ ಕೇಳಿದ್ರೆ ಈ ಸಲ ಮಳೆ ಜಾಸ್ತಿ ಅಂತ ಶುರು ಮಾಡ್ತಾರೆ.

ಬಲ್ಲವರು ದಾರಿ ತೋರಿಸಿ.

ರಾತ್ರಿಪಾಳಿ (ಡೇಟನ್, ಓಹಾಯೋ), ಮೇ 18

ಅಜ್ಜ ಜಾಗ ಹೇಳಲ್ಲ ಮಾರಾಯ್ರೆ, ನಾನೂ ಹೇಳಲ್ಲ. ಉಳಿದದ್ದು ಹೇಳ್ತೀನಿ.

ನೀವು ಬರೆದದ್ದರಲ್ಲೇ ಎರಡು ತಪ್ಪು ಕೂತಿವೆ. ಒಂದು ಲಿವರ್, ಇನ್ನೊಂದು ಒಂಬತ್ತು ಗಂಟೆ.

ಚಾನೆಲ್ ಕ್ಯಾಟ್ ಮೂಸಿಕೊಂಡು ತಿನ್ನೋ ಮೀನು. ವಾಸನೆ ಎಲ್ಲಿ ಬಂತೋ ಅಲ್ಲಿಗೆ ಬರುತ್ತೆ. ಫ್ಲಾಟ್‌ಹೆಡ್ ಮರಿಯಾಗಿದ್ದಾಗ ಹುಳು, ಸಿಗಡಿ ಥರದ್ದು ತಿನ್ನುತ್ತೆ. ದೊಡ್ಡದಾದ ಮೇಲೆ ಅದರ ಊಟ ಹೆಚ್ಚುಕಮ್ಮಿ ಜೀವಂತ ಮೀನು, ಅಷ್ಟೇ. ಮುಖ ನೋಡಿದ್ರೇ ಗೊತ್ತಾಗುತ್ತೆ: ಸಲಿಕೆ ಥರ ಚಪ್ಪಟೆ ತಲೆ, ಕೆಳದವಡೆ ಮೇಲ್ದವಡೆಗಿಂತ ಮುಂದೆ ಚಾಚಿದೆ, ಕಣ್ಣು ಸಾಸಿವೆ. ಕೆಳಗೆ ಅಡಗಿ ಕೂತು ಮೇಲೆ ಹೋಗೋದನ್ನ ಗಬಕ್ ಅನ್ನೋಕೆ ಮಾಡಿದ ಬಾಯಿ ಅದು. ಬಾಲ ಚಾನೆಲ್ ಕ್ಯಾಟ್‌ನದ್ದರ ಹಾಗೆ ಕವಲೊಡೆದಿರಲ್ಲ. ಹಳದಿ ಮಿಶ್ರ ಕಂದು ಮೈ, ಮೇಲೆ ಮಚ್ಚೆ. ಇಲ್ಲಿನ ಹಳಬರು ಶವೆಲ್‌ಹೆಡ್ ಅಂತಾರೆ, ಟೆಕ್ಸಾಸ್ ಕಡೆ ಯೆಲ್ಲೋ ಕ್ಯಾಟ್.

ಹಗಲು ಇದು ಬಿದ್ದ ಮರಗಳ ಅಡಿ, ದಡ ಕೊರೆದ ಪೊಟರೆ, ದೊಡ್ಡ ಕಲ್ಲಿನ ಸಂದಿ ಬಿಟ್ಟು ಅಲ್ಲಾಡಲ್ಲ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತೆ, ಕೆಲವು ಸಲ ಮೊಣಕಾಲುದ್ದ ನೀರಿಗೂ ಬರುತ್ತೆ. ನೀವು ಗಂಟುಮೂಟೆ ಕಟ್ಟೋ ಹೊತ್ತಿಗೆ ಅದು ಹಲ್ಲುಜ್ಜುತ್ತಿರುತ್ತೆ. ಹತ್ತರಿಂದ ಬೆಳಗಿನ ಜಾವ ಮೂರರವರೆಗೆ ಕೂತು ನೋಡಿ.

ಜಾಗ ಹುಡುಕೋದು ಹೀಗೆ. ಹೊಳೆ ತಿರುಗೋ ಕಡೆ ಹೊರಗಿನ ದಡ ನೋಡಿ. ನೀರು ಅಲ್ಲಿ ಮಣ್ಣು ಕೊರೆದು ಮರ ಉರುಳಿಸಿಕೊಂಡಿರುತ್ತೆ, ಕೆಳಗೆ ಮಡು ಇರುತ್ತೆ. ಆ ಮರದ ರಾಶಿ ಅದರ ಮನೆ. ಆದ್ರೆ ಗಾಳ ಮನೆಯೊಳಗೆ ಎಸೀಬೇಡಿ, ದಾರ ಸಿಕ್ಕಿ ಹರಿಯುತ್ತೆ. ಅದು ಊಟಕ್ಕೆ ಹೊರಡೋ ದಾರಿ, ಅಂದ್ರೆ ರಾಶಿಯ ಅಂಚು, ಅದರ ಮೇಲ್ಗಡೆ ನೀರು ತೆಳುವಾಗೋ ಜಾಗ, ಅಲ್ಲಿ ಇಳಿಸಿ. ಒಂದು ರಾಶಿಗೆ ದೊಡ್ಡದು ಸಾಮಾನ್ಯವಾಗಿ ಒಂದೋ ಎರಡೋ ಇರೋದು. ಇವು ಹಿಂಡಿನ ಗಿರಾಕಿಗಳಲ್ಲ. ಒಂದೂವರೆ ಗಂಟೆ ಏನೂ ಇಲ್ಲ ಅಂದ್ರೆ ಇನ್ನೊಂದು ತಿರುವಿಗೆ ಹೋಗಿ.

ಸಂಗಮದ ಗಾಳ, ಮೇ 19

ಅಣ್ಣಾ, ಹಲ್ಲುಜ್ಜೋ ಮಾತಿಗೆ ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಜೀವಂತ ಎರೆ ಅಂದ್ರೆ ಯಾವುದು? ಎಷ್ಟು ದೊಡ್ಡದು? ನನ್ನ ಹತ್ರ ಇರೋದು ಆರಡಿ ಕೋಲು, 12 ಪೌಂಡ್ ಟಂಗೂಸ್ ದಾರ.

ರಾತ್ರಿಪಾಳಿ, ಮೇ 19

ಆ ಕೋಲನ್ನ ಮಕ್ಕಳಿಗೆ ಕೊಡಿ.

ಏಳೂವರೆಯಿಂದ ಎಂಟಡಿ, ದಪ್ಪ ಬುಡದ ಕೋಲು ಬೇಕು. ಹೆಣೆದ ದಾರ 65 ಪೌಂಡ್, ಇಲ್ಲಾಂದ್ರೆ ಟಂಗೂಸಾದ್ರೆ 30 ಪೌಂಡ್. ದಾರದ ಮೇಲೆ ಜಾರೋ ಸೀಸದ ಗುಂಡು, ಅದರ ಕೆಳಗೆ ಮಣಿ, ಗಟ್ಟಿ ಸ್ವಿವೆಲ್ (ತಿರುಗೋ ಕೊಂಡಿ), ಆಮೇಲೆ ಒಂದಡಿ ದಪ್ಪ ದಾರ, ಕೊನೇಲಿ ಕೊಕ್ಕೆ. ಆ ತುಂಡು ದಾರ ಗಿಡ್ಡ ಇರಲಿ. ಉದ್ದ ಬಿಟ್ರೆ ಎರೆ ಮೀನು ಸುತ್ತಿ ಸುತ್ತಿ ಕಡ್ಡಿಗೆ ಸುತ್ತಿಕೊಳ್ಳುತ್ತೆ. ಗುಂಡು ಮೂರರಿಂದ ಆರು ಔನ್ಸ್, ನೀರಿನ ಸೆಳೆತ ನೋಡಿ.

ಕೊಕ್ಕೆ 8/0 ಇಂದ 10/0 ಅಳತೆಯ ಸರ್ಕಲ್ ಹುಕ್, ಮೊನೆ ಒಳಕ್ಕೆ ಬಾಗಿರೋದು. ಇದರಲ್ಲಿ ನಮ್ಮೂರ ಅಭ್ಯಾಸ ಮರೀಬೇಕು. ಬೆಂಡು ಮುಳುಗಿದ ತಕ್ಷಣ ಸೊಂಯ್ ಅಂತ ಎಳೀತೀವಲ್ಲ, ಸರ್ಕಲ್ ಹುಕ್‌ನಲ್ಲಿ ಹಾಗೆ ಎಳೆದ್ರೆ ಬಾಯಿಂದ ಆಚೆ ಬರುತ್ತೆ. ಮೀನು ಎರೆ ನುಂಗಿ ತಿರುಗಿ ಹೊರಟಾಗ ಕೊಕ್ಕೆ ತಾನಾಗೇ ಬಾಯಿಯ ಮೂಲೆಗೆ ಜಾರಿ ಕಚ್ಚಿಕೊಳ್ಳುತ್ತೆ. ಕೋಲು ಸ್ಟ್ಯಾಂಡಿನಲ್ಲೇ ಇರಲಿ, ಬಾಗಿ ಬಾಗಿ ಬುಡದವರೆಗೆ ಬಂದಾಗ ರೀಲ್ ಸುತ್ತೋಕೆ ಶುರು ಮಾಡಿ. ಕೈ ಕಟ್ಟಿ ಕೂರೋದೇ ಇದರ ಕಷ್ಟ.

ಎರೆಗೆ ಗ್ರೀನ್ ಸನ್‌ಫಿಶ್, ಬ್ಲೂಗಿಲ್, ಬುಲ್‌ಹೆಡ್. ಅಂಗೈ ಅಗಲದ್ದು. ನಿಮಗೆ ದೊಡ್ಡದು ಅನ್ನಿಸಿದ್ದು ಅದಕ್ಕೆ ಒಂದು ತುತ್ತು. ಬುಲ್‌ಹೆಡ್ ಅಂದ್ರೆ ಸಣ್ಣ ಜಾತಿ ಮೀಸೆ ಮೀನು, ಗಟ್ಟಿ ಜೀವ, ಕೊಕ್ಕೆಯಲ್ಲಿ ರಾತ್ರಿಯೆಲ್ಲ ಒದ್ದಾಡುತ್ತೆ. ಶ್ಯಾಡ್ ಬೇಗ ಸಾಯುತ್ತೆ. ಹಾಗಂತ ಸತ್ತದ್ದು ಮುಟ್ಟೋದೇ ಇಲ್ಲ ಅಂತಲ್ಲ, ಈಗಷ್ಟೇ ಕೊಯ್ದ ಶ್ಯಾಡ್ ತುಂಡಿಗೂ ಕಚ್ಚಿದ್ದುಂಟು. ನಾರೋ ಹಿಟ್ಟಿಗೆ ಮಾತ್ರ ನಾನು ಕಂಡಿಲ್ಲ.

ಎರೆ ಮೀನನ್ನ ಅದೇ ಹೊಳೇಲಿ ಹಿಡಿದು ಅದೇ ಹೊಳೇಲಿ ಬಳಸಿ. ಒಂದು ನೀರಿನ ಮೀನು ಇನ್ನೊಂದು ನೀರಿಗೆ ಸಾಗಿಸಬಾರದು. ಯಾವುದು ಎರೆಯಾಗಬಹುದು ಅನ್ನೋ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೈಪಿಡಿ ಓದಿ. ಲೈಸೆನ್ಸ್ ಮಾಡಿಸಿರ್ತೀರಿ ಬಿಡಿ.

ಕಪಿಲಾತೀರ (ನಂಜನಗೂಡು), ಮೇ 20

ನರಸೀಪುರದವರು ಅಂದದ್ದಕ್ಕೆ ಬರೀತಿದೀನಿ. ನೀವು ಹೇಳ್ತಿರೋ ಮೀನಿನ ಗುಣ ಕೇಳಿದ್ರೆ ನಮ್ಮ ಬಾಳೆ ಮೀನೇ ನೆನಪಾಗುತ್ತೆ. ಅದೂ ಮೀಸೆಯದು, ಅದೂ ಅಗಲ ಬಾಯಿ, ಅದೂ ಮಡುವಿನ ರಾತ್ರಿ ಬೇಟೆಗಾರ. ನಮ್ಮಪ್ಪನ ಕಾಲದಲ್ಲಿ ಕೊಕ್ಕೆಗೆ ಜೀವಂತ ಕಪ್ಪೆ ಕಟ್ಟಿ ಸಂಜೆ ದಡದ ಬೇರಿಗೆ ದಾರ ಬಿಗಿದು ಬರೋರು, ಬೆಳಿಗ್ಗೆ ಹೋಗಿ ನೋಡೋರು. ಈಗ ಆಳುದ್ದದ ಬಾಳೆ ಸಿಗೋದು ಅಪರೂಪ. ಮರಳು ತೆಗೆದು ತೆಗೆದು ಮಡುಗಳೇ ಉಳಿದಿಲ್ಲ.

ಇನ್ನೊಂದು ವಿಷಯ. 1946ರ ಮಾರ್ಚ್‌ನಲ್ಲಿ ಇದೇ ಕಪಿಲೆಯಲ್ಲಿ, ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ ಅವರು 120 ಪೌಂಡಿನ ಮಹಶೀರ್ ಹಿಡಿದ್ರು. ಗಾಳದಲ್ಲಿ ಸಿಕ್ಕ ಮಹಶೀರ್‌ನಲ್ಲಿ ಬಹುಕಾಲ ಅದೇ ದಾಖಲೆ ಅಂತಿದ್ರು. ನಿಮ್ಮ ಫ್ಲಾಟ್‌ಹೆಡ್‌ನ ದಾಖಲೆ ಎಷ್ಟು?

ರಾತ್ರಿಪಾಳಿ, ಮೇ 20

ಮೂರೇ ಪೌಂಡ್ ಜಾಸ್ತಿ ಸಾರ್! 123 ಪೌಂಡ್, ಅಂದ್ರೆ ಸುಮಾರು 56 ಕಿಲೋ. 1998ರ ಮೇ ತಿಂಗಳು, ಕನ್ಸಾಸ್‌ನ ಎಲ್ಕ್ ಸಿಟಿ ಜಲಾಶಯ, ಕೆನ್ ಪಾಲಿ ಅನ್ನೋರು. ಮಜಾ ಏನಂದ್ರೆ ಅವರು ಹಿಡಿಯೋಕೆ ಹೋಗಿದ್ದು ಕ್ರಾಪಿ, ಅಂಗೈಯಷ್ಟಿರೋ ಮೀನು. ಪುಟ್ಟ ಜಿಗ್‌ಗೆ (ಸೀಸದ ತಲೆಯ ಕೊಕ್ಕೆ) ಸಣ್ಣ ಮೀನು ಚುಚ್ಚಿ ಬಿಟ್ಟಿದ್ರು. ನಾವು ಇಲ್ಲಿ 10/0 ಕೊಕ್ಕೆ, ಆರು ಔನ್ಸ್ ಗುಂಡು ಅಂತ ಶಾಸ್ತ್ರ ಹೇಳ್ತಾ ಕೂತಿದೀವಿ.

ಓಹಾಯೋದಲ್ಲಿ ದೊಡ್ಡದು ಅಂದ್ರೆ 1979ರಲ್ಲಿ ಕ್ಲೆಂಡೆನಿಂಗ್ ಕೆರೆಯಲ್ಲಿ ಸಿಕ್ಕ 76.5 ಪೌಂಡಿನದು. ಆ ಕೆರೆ ನೀರೂ ಕೊನೆಗೆ ಮಸ್ಕಿಂಗಮ್‌ಗೇ ಇಳಿಯೋದು. ಸಂಗಮದ ಗಾಳದವರೇ, ಹೊಳೆ ಸರಿಯಾದ್ದೇ ಆರಿಸಿದೀರಿ.

ಪೇಢಾಪ್ರಿಯ (ಹ್ಯಾರಿಸ್‌ಬರ್ಗ್, ಪೆನ್ಸಿಲ್ವೇನಿಯಾ), ಮೇ 22

ಎಲ್ಲಾರೂ ಭಾರಿ ಹೊಗಳಾಕತ್ತೀರಿ ಈ ಮೀನನ್ನ. ನಮ್ಮ ಕಡೆ ಬರ್ರಿ, ಬ್ಯಾರೇ ಕಥಿ ಐತಿ.

ಸಸ್ಕ್ವೆಹಾನಾ ಹೊಳಿಗೆ ಇದು ಹೊರಗಿನದು. ಮಿಸಿಸಿಪ್ಪಿ ಬಯಲಿನ ಮೀನು ಇದು, ಅಟ್ಲಾಂಟಿಕ್‌ಗೆ ಹರಿಯೋ ಹೊಳಿಗಳೊಳಗ ಮೊದಲ ಇರಲಿಲ್ಲ. ಯಾರೋ ತಂದು ಬಿಟ್ರು, ಈಗ ಅದs ರಾಜ ಆಗೇತಿ. 2023ರಾಗ ನಮ್ಮ ರಾಜ್ಯದ ದಾಖಲೆ ಮುರೀತು, 66 ಪೌಂಡಿಗೂ ಜಾಸ್ತಿ, ಅದೂ ಸಸ್ಕ್ವೆಹಾನಾದಾಗ. ಇಲ್ಲಿ ಮೀನುಗಾರಿಕಿ ಇಲಾಖೆಯವ್ರು ಹಿಡಿದ್ರ ತಿರುಗಿ ಬಿಡಬ್ಯಾಡ್ರಿ, ತಿನ್ರಿ ಅಂತಾರ. ನಾ ಹಿಡಿದದ್ದು ಒಂದೂ ನೀರಿಗೆ ವಾಪಸ್ ಹೋಗಿಲ್ಲ.

ನಾರ್ತ್ ಕ್ಯಾರೊಲೈನಾದ ಕೇಪ್ ಫಿಯರ್ ಹೊಳಿಗೆ 1966ರಾಗ ಬಿಟ್ಟಿದ್ದು ಬರೇ 11 ಮೀನು. ಹನ್ನೊಂದs ಹನ್ನೊಂದು! ಹದಿನೈದು ವರ್ಷದೊಳಗ ಹೊಳಿ ತುಂಬ ಹಬ್ಬಿದ್ವು, ಅಲ್ಲಿ ಮೊದಲಿನಿಂದ ಇದ್ದ ಬುಲ್‌ಹೆಡ್ ಕರಗಿ ಹೋದ್ವು.

ಬಾಳೆಲೆ (ಸವಾನಾ, ಜಾರ್ಜಿಯಾ), ಮೇ 22

ಪೇಢಾಪ್ರಿಯರು ಹೇಳಿದ್ದು ಸತ್ಯ. ನಮ್ಮಲ್ಲಿ ಸಟಿಲ್ಲಾ ಅಂತ ಒಂದು ಹೊಳೆ ಉಂಟು, ಚಹಾದ ಬಣ್ಣದ ನೀರು. ಅಲ್ಲಿ ರೆಡ್‌ಬ್ರೆಸ್ಟ್ ಅಂತ ಚಂದದ ಸಣ್ಣ ಮೀನು, ಹೊಟ್ಟೆ ಕುಂಕುಮದ ಹಾಗೆ. ಇಲ್ಲಿಯ ಹಳಬರಿಗೆ ಅದೆಂದರೆ ನಮಗೆ ಬಂಗುಡೆ ಇದ್ದ ಹಾಗೆ. 1990ರ ದಶಕದ ಮಧ್ಯದಲ್ಲಿ ಫ್ಲಾಟ್‌ಹೆಡ್ ಬಂದು ಇದನ್ನು ತಿನ್ನಲಿಕ್ಕೆ ಶುರು ಮಾಡಿತು. ಈಗ ಸರಕಾರದವರೇ ದೋಣಿಯಲ್ಲಿ ಬಂದು ನೀರಿಗೆ ಸಣ್ಣ ವಿದ್ಯುತ್ ಹಾಯಿಸಿ, ತೇಲಿ ಬಂದ ಫ್ಲಾಟ್‌ಹೆಡ್‌ಗಳನ್ನು ಬಲೆಯಲ್ಲಿ ಹೆಕ್ಕುತ್ತಾರೆ. ವರ್ಷ ವರ್ಷ ಇದೇ ಕೆಲಸ. ಪೂರ್ತಿ ಮುಗಿಸಲಿಕ್ಕೆ ಆಗುವುದಿಲ್ಲ, ದೊಡ್ಡದು ತೆಗೆಯುತ್ತಾ ಇದ್ದರೆ ಒಂದು ಹದದಲ್ಲಿ ನಿಲ್ಲುತ್ತದೆ ಅಷ್ಟೆ.

ಮತ್ತೆ ಒಂದು ಹೇಳುತ್ತೇನೆ, ಗಂಡಸರು ಬೈಯಬೇಡಿ: ಕ್ಯಾಟ್‌ಫಿಶ್‌ಗಳಲ್ಲಿ ತಿನ್ನಲಿಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೊಳೆತದ್ದು ತಿನ್ನುವುದಿಲ್ಲ ಅಲ್ವಾ, ಅದಕ್ಕೆ ಕೆಸರಿನ ವಾಸನೆ ಕಮ್ಮಿ. ಮಾಂಸ ಬಿಳಿ, ಗಟ್ಟಿ. ನಮ್ಮೂರಿನ ಕಡಲ ಮೀಸೆ ಮೀನು ತೇಡೆಯ ಗಸಿ ಮಾಡಿದ ಹಾಗೆಯೇ ಮಾಡುತ್ತೇನೆ, ಹುಣಸೆ ಸ್ವಲ್ಪ ಮುಂದೆ.

ಸಂಗಮದ ಗಾಳ, ಮೇ 23

ಈಗ ತಲೆ ಕೆಟ್ಟೋಯ್ತು. ಹಿಡಿದ್ರೆ ಬಿಡ್ಬೇಕಾ, ತಿನ್ಬೇಕಾ?

ರಾತ್ರಿಪಾಳಿ, ಮೇ 23

ಓಹಾಯೋದಲ್ಲಿ ಇದು ಇಲ್ಲಿನದ್ದೇ ಮೀನು, ನಮಗಿಂತ ಹಳೇ ನಿವಾಸಿ. ಇಲ್ಲಿ ದೊಡ್ಡದನ್ನ ಬಿಡಿ ಅನ್ನೋನು ನಾನು. 40 ಪೌಂಡಿನದಕ್ಕೆ ಹದಿನೈದು ವರ್ಷದ ಮೇಲಾಗಿರಬಹುದು, ಇಪ್ಪತ್ತು ದಾಟಿದವೂ ಇವೆ. ಅದನ್ನ ಬಾಣಲೆಗೆ ಹಾಕಿದ್ರೆ ಆ ಮರದ ರಾಶಿಗೆ ಇನ್ನೊಂದು ಯಜಮಾನ ಬೆಳೆಯೋ ಹೊತ್ತಿಗೆ ನಿಮ್ಮ ಮಗ ಕಾಲೇಜು ಮುಗಿಸಿರ್ತಾನೆ. ಕಾನೂನೂ ಹಾಗೇ ಇದೆ, 35 ಇಂಚು ಮತ್ತು ಅದಕ್ಕಿಂತ ಉದ್ದದ್ದು ದಿನಕ್ಕೆ ಒಂದೇ ಇಟ್ಕೋಬಹುದು. ಈ ವರ್ಷದ ಕೈಪಿಡಿ ಇನ್ನೊಂದ್ಸಲ ನೋಡ್ಕೊಳ್ಳಿ. ತಿನ್ನೋ ಆಸೆ ಇದ್ರೆ ಐದಾರು ಪೌಂಡಿನದು ಸಾಕು.

ಪೇಢಾಪ್ರಿಯರ ಹೊಳೇಲಿ ಅವರು ಮಾಡ್ತಿರೋದೇ ಸರಿ. ನಾನಿಲ್ಲಿ ಬಿಡೋದೂ ಸರಿ. ಎರಡಕ್ಕೂ ಜಗಳ ಇಲ್ಲ.

ಪೇಢಾಪ್ರಿಯ, ಮೇ 23

ಜಗಳ ಐತ್ರಿ. ಇಲ್ಲಿ ಕೆಲವ್ರು ನಿಮ್ಮ ಮಾತು ಹಿಡಕೊಂಡು ನಮ್ಮ ಹೊಳಿಯೊಳಗೂ ಮುತ್ತು ಕೊಟ್ಟು ಬಿಡಾಕತ್ತಾರ. ದೊಡ್ಡ ಮೀನು ಬೇಕು ಅನ್ನೋ ಚಟ. ಬಾಸ್ ಮೀನು, ನಮ್ಮ ಹೊಳಿ ಸಣ್ಣ ಮೀನು ಹಾಳಾದ್ರ ಅವರಿಗೇನು? "ಬಿಡ್ರಿ" ಅಂತ ಬರದಾಗೆಲ್ಲ "ಓಹಾಯೋದಾಗ" ಅಂತ ಮುಂದ ಸೇರಸ್ರಿ.

ರಾತ್ರಿಪಾಳಿ, ಮೇ 23

ಒಪ್ಪಿದೆ. ಓಹಾಯೋದಲ್ಲಿ.

ಕಪಿಲಾತೀರ, ಮೇ 24

ಪೇಢಾಪ್ರಿಯರ ಸಂಕಟ ನಮಗೂ ಗೊತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮ ದೇಶದಲ್ಲಿ 2000ದಿಂದಲೇ ನಿಷೇಧ ಇದೆ. ಆದ್ರೂ ಹೊಂಡ ತೋಡಿ, ಕೋಳಿ ಅಂಗಡಿಯ ಕಸ ಸುರಿದು ಕದ್ದು ಬೆಳೆಸ್ತಾರೆ. ಮಳೆಗಾಲದಲ್ಲಿ ಹೊಂಡ ಉಕ್ಕಿದ್ರೆ ನೇರ ಕಾಲುವೆಗೆ, ಅಲ್ಲಿಂದ ಹೊಳೆಗೆ. ಹೋದ ವರ್ಷ ನಮ್ಮೂರ ಕೆರೆ ಕೋಡಿಯಲ್ಲಿ ಹುಡುಗರು ಹಿಡಿದದ್ದನ್ನ ನಮ್ಮ ನಾಟಿ ಮುರುಗೋಡು ಮೀನು ಅಂತಲೇ ಮಾರಿದ್ರು. ಮುರುಗೋಡು ಅಷ್ಟು ದಪ್ಪ ಆಗಲ್ಲ ಕಣ್ರಪ್ಪ ಅಂದ್ರೆ ಯಾರೂ ಕೇಳಲಿಲ್ಲ.

ಮೊದಲ ಗಾಳ (ಸ್ಟಿಲ್‌ವಾಟರ್, ಒಕ್ಲಹೋಮಾ), ಜೂನ್ 9

ಹಾಯ್, ನಾನಿಲ್ಲಿ ಎಂಎಸ್ ಓದ್ತಿದೀನಿ. ಲ್ಯಾಬ್‌ನಲ್ಲಿರೋ ಇಬ್ರು ಈ ವಾರ ನೂಡ್ಲಿಂಗ್‌ಗೆ ಕರೀತಿದಾರೆ, ಬರೀ ಕೈಯಲ್ಲಿ ಫ್ಲಾಟ್‌ಹೆಡ್ ಹಿಡಿಯೋದು. ಹೋಗ್ಲಾ?

ರಾತ್ರಿಪಾಳಿ, ಜೂನ್ 9

ಈಜು ಬರುತ್ತಾ? ಮೊದಲು ಅದು ಹೇಳು ತಮ್ಮಾ.

ಒಕ್ಲಹೋಮಾದಲ್ಲಿ ಅದು ಕಾನೂನುಬದ್ಧ, ಪಾಲ್ಸ್ ವ್ಯಾಲಿಯಲ್ಲಿ ಜಾತ್ರೆಯಂತೆ ಪಂದ್ಯವೇ ನಡೆಯುತ್ತೆ. ಟೆಕ್ಸಾಸ್ 2011ರಲ್ಲಿ ಒಪ್ಪಿತು. ಮಿಸ್ಸೌರಿಯಲ್ಲಿ ಒಂದೆರಡು ವರ್ಷ ಪರೀಕ್ಷೆ ಮಾಡಿ ಬೇಡ ಅಂದ್ರು.

ಆಗೋದು ಏನಂದ್ರೆ, ಜೂನ್, ಜುಲೈನಲ್ಲಿ ನೀರು 75 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಇವು ಪೊಟರೆಯಲ್ಲಿ ಮೊಟ್ಟೆ ಇಡುತ್ವೆ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತೆ, ಕಾಯೋದು ಗಂಡು. ರೆಕ್ಕೆ ಬೀಸಿ ಮೊಟ್ಟೆಗೆ ಗಾಳಿ ಹಾಕ್ತಾ, ಒಳಗೆ ಬಂದದ್ದನ್ನ ಕಚ್ಚುತ್ತಾ ಕೂತಿರುತ್ತೆ. ನೀನು ಕೈ ಹಾಕಿದ್ರೆ ಅದಕ್ಕೆ ಕೈಯೂ ಒಂದು ಕಳ್ಳ ಮೀನು. ಮುಷ್ಟಿ ನುಂಗುತ್ತೆ, ನೀನು ಎಳೀಬೇಕು. ನಮ್ಮ ತುಂಗೆಯ ಕಲ್ಲು ಸಂದಿಯಲ್ಲಿ ಕೈ ಹಾಕಿ ಏಡಿ ಹಿಡಿದ ಹಾಗಲ್ಲ, 30 ಪೌಂಡಿನ ಮೀನು ನೀರಡಿಯಲ್ಲಿ ಮೈ ತಿರುವಿದ್ರೆ ತೋಳೇ ಜೊತೆಗೆ ತಿರುಗುತ್ತೆ. ಅದೇ ಪೊಟರೆಯಲ್ಲಿ ಆಮೆಯೋ ಬೀವರೋ ಇರಬಹುದು. ಒಬ್ಬನೇ ಖಂಡಿತ ಹೋಗಬೇಡ.

ನನ್ನ ಕೇಳಿದ್ರೆ ಇಷ್ಟ ಇಲ್ಲ. ಕಾಯೋ ಗಂಡನ್ನ ಎಳೆದು ಹಾಕಿದ್ರೆ ಅರ್ಧ ಗಂಟೆಯಲ್ಲಿ ಬ್ಲೂಗಿಲ್‌ಗಳು ಮೊಟ್ಟೆ ಖಾಲಿ ಮಾಡ್ತವೆ. ಮಳೆಗಾಲದ ಮೊದಲ ನೀರಿಗೆ ಮೊಟ್ಟೆ ಇಡೋಕೆ ಗದ್ದೆಗೆ ಹತ್ತೋ ಮೀನನ್ನ ಕಡಿದು ಕಡಿದು ನಮ್ಮ ಹಳ್ಳಗಳು ಏನಾದ್ವು ಅಂತ ನೋಡಿ ಬಂದವನು ನಾನು. ನಾನೇ ಕಡಿದಿದೀನಿ, ಸುಳ್ಳು ಯಾಕೆ.

ಮೊದಲ ಗಾಳ, ಜೂನ್ 14

ಹೋದೆ ಅಣ್ಣ. ಕೈ ಹಾಕೋ ಧೈರ್ಯ ಬರಲಿಲ್ಲ, ದಡದಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಅವರಿಗೆ ಒಂದು ಸಿಕ್ತು, ಫೋಟೊ ತೆಗೆದು ಅದೇ ಪೊಟರೆ ಬಾಯಿಗೆ ಬಿಟ್ರು.

ಬಾಳೆಲೆ, ಜೂನ್ 15

ಟವೆಲ್ ಹಿಡಿಯಲಿಕ್ಕೂ ಒಬ್ಬರು ಬೇಕಲ್ಲ ಮಾರ್ರೆ.

ಮೀನು ತಿನ್ನುವವರಿಗೆ ಒಂದು ಬಿಟ್ಟುಹೋಯಿತು. ದೊಡ್ಡ ಮೀನು ಅಂದರೆ ವರ್ಷಗಟ್ಟಲೆ ಬೇರೆ ಮೀನು ತಿಂದದ್ದು. ಹೊಳೆಯಲ್ಲಿರುವ ಪಾದರಸ, ಪಿಸಿಬಿ ಎಂಬ ಕಾರ್ಖಾನೆಯ ವಿಷ ಎಲ್ಲ ಅದರ ಮೈಯಲ್ಲಿ ಸೇರಿರುತ್ತದೆ. ಪಿಸಿಬಿ ಕೊಬ್ಬಿನಲ್ಲಿ ನಿಲ್ಲುವುದು, ಹಾಗಾಗಿ ಚರ್ಮ ಸುಲಿದು, ಹೊಟ್ಟೆಯ ಹಳದಿ ಕೊಬ್ಬು, ಬದಿಯ ಕಪ್ಪು ಮಾಂಸ ತೆಗೆದರೆ ಕಮ್ಮಿಯಾಗುತ್ತದೆ. ಪಾದರಸ ಮಾಂಸದಲ್ಲೇ ಇರುವುದು, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಪ್ರತಿ ರಾಜ್ಯದ ಆರೋಗ್ಯ ಇಲಾಖೆ ಯಾವ ಹೊಳೆಯ ಯಾವ ಮೀನು ತಿಂಗಳಿಗೆ ಎಷ್ಟು ಸಲ ಅಂತ ಪಟ್ಟಿ ಹಾಕಿರುತ್ತದೆ. ಬಸುರಿಯರು, ಸಣ್ಣ ಮಕ್ಕಳು ಇದ್ದ ಮನೆಯಲ್ಲಿ ಅದನ್ನು ನೋಡದೆ ಒಲೆ ಹಚ್ಚಬೇಡಿ.

ಸಂಗಮದ ಗಾಳ, ಜುಲೈ 6

ವರದಿ: ನಾಲ್ಕು ರಾತ್ರಿ, ಸೊನ್ನೆ. ಒಂದು ರಾತ್ರಿ ಎರೆ ಬ್ಲೂಗಿಲ್ ಇದ್ದಕ್ಕಿದ್ದ ಹಾಗೆ ಹುಚ್ಚು ಹಿಡಿದಂತೆ ಒದ್ದಾಡ್ತು, ಕೋಲಿನ ತುದಿ ನಡುಗ್ತು, ಆಮೇಲೆ ಬಾಗ್ತು. ಅಭ್ಯಾಸಬಲ, ಎದ್ದು ಸೊಂಯ್ ಅಂತ ಎಳೆದುಬಿಟ್ಟೆ. ಬರೀ ಕೊಕ್ಕೆ ವಾಪಸ್ ಬಂತು. ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಇನ್ನೊಂದು ರಾತ್ರಿ ಮಳೆ ಬಂದು ನೀರು ಏರ್ತಿತ್ತು, ಒಡ್ಡಿನ ಕೆಳಗೆ ನೊರೆ ಇರೋ ಕಡೆ ಸ್ವಲ್ಪ ಮುಂದೆ ಇಳಿಯೋಣ ಅನ್ನಿಸ್ತು.

ರಾತ್ರಿಪಾಳಿ, ಜುಲೈ 6

ಇಳೀಬೇಡಿ. ದಯವಿಟ್ಟು. ಆ ಗಿಡ್ಡ ಒಡ್ಡುಗಳ ಕೆಳಗೆ ನೀರು ಮಗುಚಿ ಹಿಂದಕ್ಕೇ ಸುತ್ತುತ್ತೆ. ನೋಡೋಕೆ ಸಾಧು. ಸಿಕ್ಕವನನ್ನ ಮೇಲೆತ್ತಿ ಮತ್ತೆ ಒಡ್ಡಿನ ಬುಡಕ್ಕೇ ತಂದು ಮುಳುಗಿಸುತ್ತೆ, ಈಜು ಬಂದ್ರೂ ಅಷ್ಟೇ. ಮಸ್ಕಿಂಗಮ್‌ನಲ್ಲಿ ಜೇನ್ಸ್‌ವಿಲ್‌ನಿಂದ ಕೆಳಕ್ಕೆ ಮರಿಯೆಟ್ಟಾವರೆಗೆ ಸಾಲಾಗಿ ಇಂಥ ಒಡ್ಡುಗಳಿವೆ, 1841ರಲ್ಲಿ ಶುರುವಾದ ದೋಣಿ ದಾರಿಯವು, ಈಗಲೂ ದೋಣಿ ಏರಿಸಿ ಇಳಿಸೋ ಲಾಕ್ ಬಾಗಿಲು ಕೈಯಲ್ಲೇ ತಿರುಗಿಸ್ತಾರೆ. ಅದನ್ನ ನೋಡೋಕೆ ಹಗಲು ಮಕ್ಕಳ ಜೊತೆ ಹೋಗಿ. ರಾತ್ರಿ ದಡದ ಮೇಲೆ ಕೂತ್ಕೊಳ್ಳಿ, ಲೈಫ್ ಜಾಕೆಟ್ ಹಾಕ್ಕೊಂಡು.

ಜುಲೈ ಸೊನ್ನೆಗೆ ಬೇಜಾರಾಗಬೇಡಿ. ಗಂಡುಗಳು ಪೊಟರೆ ಕಾಯ್ತಿರೋ ಕಾಲ ಇದು, ಎರೆ ಕಡೆ ಗಮನ ಕಮ್ಮಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಬರಲಿ. ಚಳಿಗಾಲಕ್ಕೆ ಮುಂಚೆ ಚೆನ್ನಾಗಿ ತಿನ್ನುತ್ವೆ. ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದ ಮೇಲೆ ಆಳದ ಮಡುಗಳಲ್ಲಿ ಒಟ್ಟಿಗೆ ಸೇರಿ ಮಂಕಾಗಿ ಮಲಗಿಬಿಡ್ತವೆ, ಮೈಮೇಲೆ ಹೂಳು ಕೂರೋ ತನಕ. ಆಗ ಅವನ್ನ ಕೊಕ್ಕೆಯಿಂದ ಗೀರಿ ಎತ್ತೋರಿದಾರೆ. ಅವರ ಬಗ್ಗೆ ಇಲ್ಲಿ ಬರೆಯಲ್ಲ, ಬಾಯಿ ಹೊಲಸಾಗುತ್ತೆ.

ಸಂಗಮದ ಗಾಳ, ಸೆಪ್ಟೆಂಬರ್ 14

ಸಿಕ್ತು!!!

ಶುಕ್ರವಾರ ರಾತ್ರಿ 1:20. ಮಸ್ಕಿಂಗಮ್, ಹೊರತಿರುವು, ಉರುಳಿದ ಸಿಕಮೋರ್ ಮರ. ಅದೇ ಹೊಳೇಲಿ ಹಿಡಿದ ಬುಲ್‌ಹೆಡ್. ಕೋಲು ನಡುಗ್ತು, ಬಾಗ್ತು. ನಾನು ಎರಡೂ ಕೈಯನ್ನ ತೊಡೆ ಕೆಳಗೆ ಹಾಕ್ಕೊಂಡು ಕೂತಿದ್ದೆ, ಆಣೆಗೂ. ಬುಡದವರೆಗೆ ಬಾಗಿ ರೀಲ್ ಕಿರ್ ಅಂದಾಗ ಎದ್ದೆ. ಅದು ಓಡಲ್ಲ, ಗೊತ್ತಾ? ಚಾನೆಲ್ ಕ್ಯಾಟ್ ಥರ ಅತ್ತ ಇತ್ತ ಇಲ್ಲ. ಎತ್ತು ಕೆಸರಲ್ಲಿ ಮಲಗಿ ಏಳಲ್ಲ ಅಂದ ಹಾಗೆ ತಲೆ ಅಲ್ಲಾಡಿಸ್ತಾ ಮರದ ಕಡೆಗೇ ಭಾರ ಬಿಡುತ್ತೆ. ಹನ್ನೆರಡು ನಿಮಿಷ ಅಂತಾಳೆ ಹೆಂಡತಿ, ನನಗೆ ಒಂದು ಗಂಟೆ ಅನ್ನಿಸ್ತು.

40 ಇಂಚು, 31 ಪೌಂಡ್. ದವಡೆಗೆ ಕೈ ಹಾಕಿ ಎತ್ತಿದೆ, ಹಲ್ಲು ಚೂಪಿಲ್ಲ ಅಂತ ಓದಿದ್ದೆ. ಚೂಪಿಲ್ಲ ನಿಜ, ಹೆಬ್ಬೆರಳನ್ನ ತುರಿಮಣೆಗೆ ಉಜ್ಜಿದ ಹಾಗೆ ಆಗಿದೆ. ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು ಒಂದೇ ಫೋಟೊ, ನೀರಲ್ಲಿ ಹಿಡಿದು ನಿಂತೆ. ಒಂದು ನಿಮಿಷ ಸುಮ್ಮನಿತ್ತು, ಆಮೇಲೆ ಬಾಲದಿಂದ ಮುಖಕ್ಕೆ ನೀರು ಎರಚಿ ಹೋಯ್ತು. ಫೋಟೊ ಹಾಕಿದೀನಿ.

ಪೇಢಾಪ್ರಿಯ, ಸೆಪ್ಟೆಂಬರ್ 14

ಭಲೇ! ಬಿಟ್ಟಿದ್ದಕ್ಕ ಹೊಟ್ಟಿ ಉರದ್ರೂ ನಿಮ್ಮ ಹೊಳಿ, ನಿಮ್ಮ ಮೀನು. ಮುಂದಿನ ವರ್ಷ ಹ್ಯಾರಿಸ್‌ಬರ್ಗ್‌ಗೆ ಬರ್ರಿ, ಇಲ್ಲಿ ಹಿಡಿದದ್ದು ನಾ ಬಿಡಾಕ ಬಿಡೂದಿಲ್ಲ. ಜ್ವಾಳದ ರೊಟ್ಟಿ ನಮ್ಮನ್ಯಾಗ.

ಕಪಿಲಾತೀರ, ಸೆಪ್ಟೆಂಬರ್ 15

ನರಸೀಪುರದ ಹೆಸರು ಉಳಿಸಿದ್ರಿ. ನಮ್ಮ ಹುಡುಗರಿಗೆ ಫೋಟೊ ತೋರಿಸಿದೆ, ಎಡಿಟ್ ಮಾಡಿದ್ದು ಅಂತಿದಾರೆ.

ರಾತ್ರಿಪಾಳಿ, ಸೆಪ್ಟೆಂಬರ್ 15

ಶಭಾಷ್. ಒಂದು ಮಾತು: ಫೋಟೊದಲ್ಲಿ ನಿಮ್ಮ ಎಡಭುಜದ ಹಿಂದೆ ಸೇತುವೆ ಕಾಣ್ತಿದೆ. ಯಾವ ತಿರುವು ಅಂತ ನನಗೆ ಆಗಲೇ ಗೊತ್ತಾಯ್ತು. ಕತ್ತರಿಸಿ ಹಾಕಿ.

ಸಂಗಮದ ಗಾಳ, ಸೆಪ್ಟೆಂಬರ್ 15

ಕತ್ತರಿಸಿದೆ ಅಣ್ಣ. ನಿನ್ನೆ ಪಕ್ಕದ ಮನೆ ಅಜ್ಜನೂ ಫೋಟೊ ನೋಡಿ ಎಲ್ಲಿ ಅಂತ ಕೇಳಿದ್ರು. ಈ ಸಲ ಮಳೆ ಜಾಸ್ತಿ ಅಂದೆ.